ಪ್ರಿಯಾನ್ ಪ್ರೋಟೀನ್‌ಗೆ ಕತ್ತರಿ ಒಂದಲ್ಲ, ಎರಡು: ನನ್ನ ಬ್ಲಾಟ್ ಅನುಭವ

ನನ್ನ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನ ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರೆ ಮಾಡಿ, ಆಂಟಿಬಾಡಿ ಹಾಕಿ ಗೆರೆಗಳಾಗಿ ನೋಡೋದು) ಹುಡುಕ್ತಿದ್ದ ಪ್ರಿಯಾನ್ ಪ್ರೋಟೀನಿನ ಒಂದು ತುಂಡಿನ ಬಗ್ಗೆ ಒಂದೂವರೆ ವರ್ಷದಿಂದ "ಅದು ಬರೀ ಡಿಗ್ರೇಡೇಶನ್ ಕಣೋ, ಬಿಟ್ಬಿಡು" ಅಂತಿದ್ದವರೇ ಈಗ ಪ್ರೋಟೋಕಾಲ್ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ.

ನಾನು ನೋಡ್ತಿರೋದು ಎನ್2ಎ ಕೋಶಗಳ (ಲ್ಯಾಬಲ್ಲಿ ಬೆಳೆಸೋ ಇಲಿಯ ನರಗೆಡ್ಡೆ ಕೋಶಗಳು) ಮೇಲಿರೋ ಮಾಮೂಲಿ ಪಿಆರ್‌ಪಿ, ಅಂದ್ರೆ ಪ್ರಿಯಾನ್ ಪ್ರೋಟೀನ್; ಮಡಿಕೆ ಕೆಟ್ಟು ಮಿದುಳಿನ ಕಾಯಿಲೆ ತರೋ ರೂಪ ಅಲ್ಲ. ಅದನ್ನ ಕಿಣ್ವಗಳು ಎರಡು ಕಡೆ ಕತ್ತರಿಸ್ತವೆ. ಒಂದು ನಡುವೆ, 110-111ನೇ ಅಮೈನೋ ಆಮ್ಲದ ಆಸುಪಾಸು, ಅದ್ರಿಂದ ಬರೋ ಸಿ1 ತುಂಡು ಪೊರೆ ಮೇಲೇ ಉಳಿಯತ್ತೆ. ಇನ್ನೊಂದು ಪ್ರೋಟೀನನ್ನ ಪೊರೆಗೆ ಕಟ್ಟಿಡೋ ಜಿಪಿಐ ಆಂಕರ್ ಪಕ್ಕದಲ್ಲೇ, ಅದು ಆಡಮ್10 ಅನ್ನೋ ಕಿಣ್ವದ ಕೆಲಸ, ಹೆಚ್ಚುಕಮ್ಮಿ ಇಡೀ ಪ್ರೋಟೀನೇ ಮೀಡಿಯಾಗೆ (ಕೋಶ ಬೆಳೆಸೋ ದ್ರವಕ್ಕೆ) ಬಿದ್ದೋಗತ್ತೆ. ನಮ್ಮಲ್ಲಿ ಎರಡನ್ನೂ ಒಂದೇ ಖಾತೆಗೆ ಬರ್ಕೊಳ್ತಿದ್ರು, ಅದು ನಂಗೆ ಸರಿಹೋಗ್ತಿರ್ಲಿಲ್ಲ, ಯಾಕಂದ್ರೆ ಸಿ1 ರೋಗದ ರೂಪಕ್ಕೆ ತಿರುಗಲ್ಲ, ಪಕ್ಕದಲ್ಲಿರೋದು ತಿರುಗೋದಕ್ಕೂ ಅಡ್ಡಗಾಲು ಹಾಕತ್ತೆ. ಆ ಕಡೆ ನರಕೋಶದಲ್ಲಿ ಆಡಮ್10 ತೆಗೆದ ಇಲಿಗಳಿಗೆ ಪ್ರಿಯಾನ್ ಕೊಟ್ರೆ ಕಾಯಿಲೆ ಬೇಗ ಬರತ್ತೆ. ಎರಡೂ ಮುಖ್ಯವೇ, ಆದ್ರೆ ಬೇರೆಬೇರೆ.

ಮೊದಲ ಆರು ತಿಂಗಳು ಪೂರ್ತಿ ನೀರಲ್ಲಿ ಹೋಮ. ಪಿಆರ್‌ಪಿಗೆ ಅಂಟಿರೋ ಶುಗರ್ ಸರಪಳಿ ತೆಗೀದೆ ಜೆಲ್‌ನಲ್ಲಿ ಓಡಿಸಿದ್ರೆ 25ರಿಂದ 35 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ತನಕ ಬರೀ ಬಳಿದಂಥ ಸ್ಮಿಯರ್, ಶುಗರ್ ಹೊತ್ತ ಸಿ1 ಅದ್ರೊಳಗೇ ಮುಚ್ಚಿಹೋಗತ್ತೆ. ಶುಗರ್ ಕತ್ತರಿಸೋ ಕಿಣ್ವ ಪಿಎನ್‌ಗೇಸ್ ಎಫ್ ತರಿಸೋಣ ಅಂದ್ರೆ ಸುಮಾರು ಮೂವತ್ತು ಸಾವಿರ, ಗ್ರಾಂಟ್ ಬೇರೆ ಮುಗೀತಾ ಬಂದಿತ್ತು. ಬಂದ ಮೇಲೂ ಮೂರು ಬ್ಲಾಟ್ ಹಾಳು: ಪ್ರೋಟೀನ್ ಬಿಚ್ಚೋ ಎಸ್‌ಡಿಎಸ್ ಡಿಟರ್ಜೆಂಟ್‌ನಲ್ಲಿ ಕುದಿಸಿದ ಮೇಲೆ ಅದರ ಕಾಟ ತಡೆಯೋ ಮೃದು ಡಿಟರ್ಜೆಂಟ್ ಎನ್‌ಪಿ-40 ಸಾಕಷ್ಟು ಹಾಕಿರ್ಲಿಲ್ಲ, ಎಸ್‌ಡಿಎಸ್ ಕಿಣ್ವವನ್ನೇ ಕೊಂದಿತ್ತು. ಅದು ಸರಿಯಾದ್ಮೇಲೆ ರಿಯಾಕ್ಷನ್ ವಾಲ್ಯೂಮ್ ಅರ್ಧ ಮಾಡಿ, ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಟ್ಟು ಒಂದು ವಯಲ್‌ನಲ್ಲಿ ಎರಡರಷ್ಟು ಸ್ಯಾಂಪಲ್ ಎಳೆದೆ. ಇನ್ನೂ ಕಮ್ಮಿ ಕಿಣ್ವದಲ್ಲಿ ಮಾಡೋ ದಾರಿ ಒಂದಿದೆ, ಅದು ಪೇಪರ್ ಬಂದ್ಮೇಲೆ.

ಆಗ ಕಾಣ್ತು ನೋಡಿ. 15 ಪರ್ಸೆಂಟ್ ಜೆಲ್‌ನಲ್ಲಿ 27 ಕಿಲೋಡಾಲ್ಟನ್ ಹತ್ರ ಒಂದು ಗೆರೆ (ಇಡೀ ಪಿಆರ್‌ಪಿ), 17-18ರ ಹತ್ರ ಇನ್ನೊಂದು (ಸಿ1), ಬ್ಲೇಡಲ್ಲಿ ಗೀರಿದ ಹಾಗೆ. ಅದೇ ಸ್ಯಾಂಪಲ್‌ಗೆ ಎನ್ ತುದಿ (ಪ್ರೋಟೀನ್ ಶುರುವಾಗೋ ತುದಿ) ಕಡೆ ಇರೋ ಆಕ್ಟಾರಿಪೀಟ್ ಭಾಗವನ್ನ ಹಿಡಿಯೋ ಎಸ್‌ಎಎಫ್32 ಆಂಟಿಬಾಡಿ ಹಾಕಿದ್ರೆ ಕೆಳಗಿನ ಗೆರೆ ಮಾಯ! ಎನ್ ತುದಿ ಇಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು? ಆದ್ರೂ "ಲೈಸಿಸ್ (ಕೋಶ ಒಡೆಯೋದು) ಮಾಡುವಾಗ ಕೊಳೆತಿರತ್ತೆ" ಅಂದ್ರು. ಕಿಣ್ವಗಳೆಲ್ಲ ಆ ಕ್ಷಣವೇ ಸಾಯ್ಲಿ ಅಂತ ಪ್ಲೇಟ್ ಮೇಲೇ ಕುದಿಯೋ ಎಸ್‌ಡಿಎಸ್ ಸುರಿದು ಮತ್ತೆ ಮಾಡ್ದೆ, ಸಿ1 ಅಲ್ಲೇ ಇತ್ತು.

ಮಧ್ಯೆ ಒಂದು ಹುಚ್ಚು. ಭಾನುವಾರ ಬೆಳಿಗ್ಗೆ ಆರಕ್ಕೆ ಮಟನ್ ಅಂಗಡಿಗೆ ಹೋಗಿ ಮೇಕೆ ಮಿದುಳು ತಂದೆ, ನೂರೈವತ್ತೋ ಇನ್ನೂರೋ ಕೊಟ್ಟ ನೆನಪು, ಟಿಫನ್ ಕ್ಯಾರಿಯರ್‌ನಲ್ಲಿ ಐಸ್ ತುಂಬ್ಕೊಂಡು ಹೋಗಿದ್ದೆ. ಕೊಬ್ಬು ಜಾಸ್ತಿ, ಎರಡು ಸಲ ಸ್ಪಿನ್ ಮಾಡ್ಬೇಕಾಯ್ತು, ಆದ್ರೆ ಸಿ1 ನಮ್ಮ ಕೋಶಗಳಿಗಿಂತ ದಪ್ಪಗೆ ಬಂತು. ಆಂಟಿಬಾಡಿ ಟೆಸ್ಟ್ ಮಾಡೋಕೆ ಇಷ್ಟು ಅಗ್ಗದ ಪಾಸಿಟಿವ್ ಕಂಟ್ರೋಲ್ ಇನ್ನೊಂದಿಲ್ಲ.

ಆಡಮ್10 ಕತ್ತರಿಸಿ ಬೀಳಿಸಿದ್ದನ್ನ ಮೀಡಿಯಾದಲ್ಲಿ ಹುಡುಕೋ ಕೆಲಸ ಇನ್ನೂ ಕಷ್ಟ. ಸೀರಮ್ ಇದ್ರೆ ಆಲ್ಬುಮಿನ್ ಲೇನನ್ನೇ ಉಬ್ಬಿಸಿ ಸೊಟ್ಟ ಮಾಡತ್ತೆ, ಸೀರಮ್ ತೆಗೆದು ಜಾಸ್ತಿ ಹೊತ್ತು ಬಿಟ್ರೆ ಕೋಶ ಸಾಯತ್ತೆ, ಸತ್ತ ಕೋಶದ ಪಿಆರ್‌ಪಿ ಅಂತ ಮತ್ತೆ ತಕರಾರು. ಹದಿನಾರು ಗಂಟೆ ನಂಗೆ ಸರಿಹೋಯ್ತು. ಪ್ರತಿ ಬ್ಲಾಟಲ್ಲೂ ಮೀಡಿಯಾ ಲೇನ್‌ಗೆ ಕೋಶದೊಳಗೇ ಇರಬೇಕಾದ ಆಕ್ಟಿನ್ ಪ್ರೋಟೀನ್ ನೋಡ್ದೆ, ಆಕ್ಟಿನ್ ಇದ್ದ ಸೆಟ್‌ಗಳನ್ನ ಎಸೆದೆ. ಹತ್ತರಲ್ಲಿ ನಾಲ್ಕು ಹಾಗೇ ಹೋದ್ವು, ಹೊಟ್ಟೆ ಉರೀತು.

ಕೊನೇಗೆ ಆಡಮ್10 ತಡೆಯೋ ಜಿಐ254023ಎಕ್ಸ್ ಅನ್ನೋ ರಾಸಾಯನಿಕ ಹಾಕ್ದೆ, 3 ಮೈಕ್ರೋಮೋಲಾರ್. ಮೀಡಿಯಾದ ಗೆರೆ ಹೆಚ್ಚುಕಮ್ಮಿ ಅಳಿಸೇಹೋಯ್ತು, ಕೋಶದ ಮೇಲಿನ 27 ಸ್ವಲ್ಪ ದಪ್ಪ ಆಯ್ತು, ಸಿ1 ಮಾತ್ರ ಅಲ್ಲಾಡ್ಲಿಲ್ಲ. ನಾಲ್ಕು ಸಲ ಮಾಡಿದೀನಿ, ನಾಲ್ಕೂ ಸಲ ಹಾಗೇ. ನನ್ನ ಕೋಶಗಳಲ್ಲಿ ಸಿ1 ಮಾಡ್ತಿರೋದು ಆಡಮ್10 ಅಲ್ಲ, ಅದು ಯಾರ ಕೈವಾಡ ಅಂತ ಈಗ ಹುಡುಕ್ತಿದೀನಿ.