ಮತಗಟ್ಟೆಗೆ ಹೋಗುವ ಮುನ್ನ ಮೊಬೈಲ್‌ನಲ್ಲಿ ಹೆಸರು ನೋಡಿಕೊಳ್ಳಿ

2024ರ ಲೋಕಸಭಾ ಚುನಾವಣೆಯ ದಿನ ನಮ್ಮ ಬೀದಿಯ ಅಜ್ಜಿಯೊಬ್ಬರು ವೋಟರ್ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮತಗಟ್ಟೆಗೆ ಬಂದಿದ್ದರು. ಪಟ್ಟಿಯಲ್ಲಿ ಹೆಸರಿರಲಿಲ್ಲ. ‘ಕಾರ್ಡ್ ಇದೆಯಲ್ಲಪ್ಪಾ’ ಎಂದು ಮೂರು ಸಲ ಕೇಳಿ, ಬಿಸಿಲಲ್ಲೇ ವಾಪಸ್ ನಡೆದರು. ಅದು ನನಗೆ ಇಂದಿಗೂ ಸಂಕಟ. ಮತ ಹಾಕಲು ಬೇಕಾದದ್ದು ಮೊದಲು ಪಟ್ಟಿಯಲ್ಲಿ ಹೆಸರು, ಆಮೇಲೆ ಕಾರ್ಡ್.

ಮೊದಲು ಚುನಾವಣಾ ಆಯೋಗದ ‘ಇಸಿಐನೆಟ್’ ಆ್ಯಪ್ (ಹಿಂದಿನ ‘ವೋಟರ್ ಹೆಲ್ಪ್‌ಲೈನ್’) ಅಥವಾ ಆಯೋಗದ ಮತದಾರರ ಸೇವಾ ಜಾಲತಾಣ ತೆರೆಯಿರಿ. ಹೆಸರು, ಊರು ಹಾಕಿಯೂ ಹುಡುಕಬಹುದು. ಆದರೆ ಪಟ್ಟಿಯಲ್ಲಿ ‘ಶಾಂತಮ್ಮ’ ‘ಸಾಂತಮ್ಮ’ ಆಗಿದ್ದರೆ ಸಿಗುವುದು ಕಷ್ಟ. ಕಾರ್ಡಿನಲ್ಲಿರುವ ಎಪಿಕ್ ಸಂಖ್ಯೆ ಹಾಕುವುದೇ ಲೇಸು. ಹೆಸರು ಬಂದರೆ ಮತಗಟ್ಟೆ, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಮೂರನ್ನೂ ಬರೆದಿಟ್ಟುಕೊಳ್ಳಿ.

ಹೆಸರೇ ಇಲ್ಲದಿದ್ದರೆ ಅಲ್ಲೇ ನಮೂನೆ 6 ತುಂಬಿ. ಫೋಟೊ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ ಜೊತೆಗಿರಲಿ. ಕೊನೆಗೆ ಬರುವ ರೆಫರೆನ್ಸ್ ಸಂಖ್ಯೆಯನ್ನು ಕಳೆದುಕೊಳ್ಳಬೇಡಿ, ಅರ್ಜಿ ಎಲ್ಲಿಗೆ ಬಂತೆಂದು ನೋಡಲು ಅದೇ ಬೇಕು. 17 ದಾಟಿದ ಮಕ್ಕಳೂ ಮುಂಗಡವಾಗಿ ಅರ್ಜಿ ಹಾಕಬಹುದು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಈ ನಾಲ್ಕೂ ದಿನಗಳು ಅರ್ಹತಾ ದಿನಾಂಕಗಳು, ಅಂದರೆ 18 ತುಂಬಿದೆಯೇ ಎಂದು ಲೆಕ್ಕ ಹಾಕುವ ದಿನಗಳು.

ಮನೆ ಬದಲಿಸಿದವರು ಮತ್ತೆ ನಮೂನೆ 6 ಹಾಕಬೇಡಿ, ಎರಡು ಕಡೆ ಹೆಸರಿರಲು ಕಾನೂನು ಬಿಡುವುದಿಲ್ಲ. ವಿಳಾಸ ಬದಲಾವಣೆಗೂ ತಪ್ಪು ತಿದ್ದುವುದಕ್ಕೂ ನಮೂನೆ 8 ಇದೆ. ಫೋನಿನಲ್ಲಿ ಕೈ ಓಡದವರು 1950ಕ್ಕೆ ಕರೆ ಮಾಡಬಹುದು, ಇಲ್ಲವೇ ಮತಗಟ್ಟೆ ಮಟ್ಟದ ಅಧಿಕಾರಿಯನ್ನು ಕಾಣಬಹುದು.

ಚುನಾವಣೆ ಬಂತೆಂದರೆ ಇದೇ ಫೋನಿಗೆ ಪ್ರಚಾರದ ಜೊತೆ ಸುಳ್ಳೂ ಬರುತ್ತದೆ. ‘ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ ಚಾಲೆಂಜ್ ವೋಟ್ ಹಾಕಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಪ್ರತಿ ಸಲವೂ ಓಡಾಡುತ್ತದೆ. ಅದು ಶುದ್ಧ ಸುಳ್ಳು. ಅದನ್ನು ನಂಬಿ ಸುಮ್ಮನೆ ಕೂತವರು ಮತ ಕಳೆದುಕೊಳ್ಳುತ್ತಾರೆ, ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ.

ಅಭ್ಯರ್ಥಿಯ ಆಸ್ತಿ, ಅವರ ಮೇಲಿನ ಕ್ರಿಮಿನಲ್ ಪ್ರಕರಣಗಳು ಅವರೇ ಸಲ್ಲಿಸಿದ ಪ್ರಮಾಣಪತ್ರದಲ್ಲಿರುತ್ತವೆ. ಇಸಿಐನೆಟ್‌ನ ‘ಕೆವೈಸಿ’ (ನಿಮ್ಮ ಅಭ್ಯರ್ಥಿಯನ್ನು ತಿಳಿಯಿರಿ) ವಿಭಾಗದಲ್ಲಿ ಓದಬಹುದು. ಸೀರೆ, ಹಣ, ಹೆಂಡ ಹಂಚುವುದು ಕಂಡರೆ ಆಯೋಗಕ್ಕೆ ದೂರು ಕೊಡುವ ‘ಸಿ-ವಿಜಿಲ್’ ತೆರೆದು ಅಲ್ಲಿಂದಲೇ ಫೋಟೊ ತೆಗೆಯಿರಿ. ಗ್ಯಾಲರಿಯಲ್ಲಿರುವ ಹಳೆಯ ಚಿತ್ರವನ್ನು ಅದು ತೆಗೆದುಕೊಳ್ಳುವುದಿಲ್ಲ. ಹೆಸರು ಹೇಳದೆಯೂ ದೂರು ಕೊಡಬಹುದು, 100 ನಿಮಿಷದೊಳಗೆ ಕ್ರಮ ಎಂಬುದು ಆಯೋಗ ಇಟ್ಟುಕೊಂಡಿರುವ ಗಡುವು.

ಅಭ್ಯರ್ಥಿಗಳು ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಹೆಸರು ಸೇರುವುದಿಲ್ಲ. ಈ ಭಾನುವಾರವೇ ಮನೆಮಂದಿಯ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಒಂದೊಂದಾಗಿ ಸಂಖ್ಯೆ ಹಾಕಿ ನೋಡಿ. ಅಜ್ಜಿಯದು ಮೊದಲು.