ಮಾತು ಬರುವ ಮೊದಲೇ ಮಗುವಿಗೆ ಉತ್ತರ ಕೊಡುವುದು ಹೇಗೆ?

ಹಾಲು ಕುಡಿಯುವುದು, ಅಳುವುದು, ಮಲಗುವುದು. ಹಸುಗೂಸಿಗೆ ಇದರಾಚೆ ಏನು ತಿಳಿಯುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಿಜ ಏನೆಂದರೆ ಮೊದಲ ದಿನದಿಂದಲೇ ಅದು ನಿಮ್ಮನ್ನು ಗಮನಿಸುತ್ತಿರುತ್ತದೆ. ಅದರ ಬುದ್ಧಿ, ಭಾವನೆ, ಜನರ ಜೊತೆಗಿನ ಒಡನಾಟ ಮೂರೂ ಒಟ್ಟೊಟ್ಟಿಗೆ ಬೆಳೆಯುತ್ತವೆ. ಮೂರಕ್ಕೂ ಮುಖ್ಯವಾಗಿ ಬೇಕಾದದ್ದು ಒಂದೇ: ಮಗು ಏನಾದರೂ ಮಾಡಿದಾಗ ಯಾರಾದರೂ ಅದಕ್ಕೆ ಉತ್ತರ ಕೊಡಬೇಕು. ದುಬಾರಿ ಆಟಿಕೆಗಳಿಲ್ಲದೆ ಮಗು ಚೆನ್ನಾಗಿ ಬೆಳೆಯುತ್ತದೆ. ಉತ್ತರ ಕೊಡುವವರಿಲ್ಲದೆ ಬೆಳೆಯುವುದು ಕಷ್ಟ.

ಮುಂದೆ ಹೇಳಿರುವ ವಾರ, ತಿಂಗಳುಗಳೆಲ್ಲ ಅಂದಾಜು. ಒಂದು ಮಗು ಸ್ವಲ್ಪ ಮುಂದೆ, ಇನ್ನೊಂದು ಸ್ವಲ್ಪ ಹಿಂದೆ ಇರುತ್ತದೆ. ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ಡಾಕ್ಟರ್ ಹೇಳಿದ್ದ ಹೆರಿಗೆ ದಿನಾಂಕದಿಂದ ವಯಸ್ಸು ಲೆಕ್ಕ ಹಾಕಿ.

1. ಮುಖ ಹತ್ತಿರ ತನ್ನಿ

ಹೊಸದಾಗಿ ಹುಟ್ಟಿದ ಮಗುವಿಗೆ 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು ಚೆನ್ನಾಗಿ ಕಾಣುತ್ತದೆ. ಅದರಾಚೆ ಎಲ್ಲ ಮಸುಕು. ಎದೆಹಾಲು ಕುಡಿಯುವಾಗ ತಾಯಿಯ ಮುಖ ಇರುವುದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಹಾಗಾಗಿ ಹಾಲು ಕುಡಿಸುವಾಗ, ಬಟ್ಟೆ ಬದಲಿಸುವಾಗ ಮುಖ ಹತ್ತಿರ ಇಟ್ಟುಕೊಂಡು ಮಾತಾಡಿ. ಏನು ಮಾತಾಡಿದರೂ ಸರಿ. ತಾಯಿಯ ದನಿ ಹೊಟ್ಟೆಯಲ್ಲಿದ್ದಾಗಲೇ ಕೇಳಿ ಪರಿಚಯವಾಗಿರುತ್ತದೆ. ಅಪ್ಪ, ಅಜ್ಜಿ, ತಾತನ ದನಿಯೂ ದಿನಾ ಕಿವಿಗೆ ಬೀಳುತ್ತಿದ್ದರೆ ಬೇಗ ಗುರುತು ಹತ್ತುತ್ತದೆ.

ಅತ್ತರೆ ಎತ್ತಿಕೊಳ್ಳಿ. ‘ಎತ್ತಿ ಎತ್ತಿ ಅಭ್ಯಾಸ ಮಾಡಬೇಡಿ’ ಅನ್ನುವ ಬುದ್ಧಿವಾದ ಮೊದಲ ತಿಂಗಳುಗಳಿಗೆ ಹೊಂದುವುದಿಲ್ಲ. ಹಟ ಮಾಡಿ ಕೆಲಸ ಸಾಧಿಸುವ ಲೆಕ್ಕಾಚಾರ ಆ ಪುಟ್ಟ ತಲೆಗೆ ಇನ್ನೂ ಬಂದಿರುವುದಿಲ್ಲ. ಹಸಿವಾದರೂ ಅಳು, ಒದ್ದೆಯಾದರೂ ಅಳು, ಸುಮ್ನೆ ಯಾರಾದರೂ ಹತ್ತಿರ ಬೇಕು ಅನ್ನಿಸಿದರೂ ಅಳು. ಸಾಮಾನ್ಯವಾಗಿ ಆರನೇ ವಾರದ ಹೊತ್ತಿಗೆ ಅಳು ಜಾಸ್ತಿಯಾಗಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಏನು ಮಾಡಿದರೂ ನಿಲ್ಲದೆ ನಿಮಗೇ ತಾಳ್ಮೆ ತಪ್ಪುತ್ತಿದೆ ಅನ್ನಿಸಿದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಐದು ನಿಮಿಷ ಆಚೆ ಬನ್ನಿ. ಯಾವ ಕಾರಣಕ್ಕೂ ಮಗುವನ್ನು ಹಿಡಿದು ಅಲುಗಾಡಿಸಬೇಡಿ. ಅದರಿಂದ ಮಿದುಳಿಗೆ ಪೆಟ್ಟಾಗುತ್ತದೆ, ಜೀವವೇ ಹೋಗಬಹುದು.

2. ಮಾತಾಡಿ, ಆಮೇಲೆ ಕಾಯಿರಿ

ಆರರಿಂದ ಎಂಟು ವಾರಕ್ಕೆ ಮಗು ನಿಮ್ಮ ಮುಖ ನೋಡಿ ನಗುತ್ತದೆ. ನಿದ್ದೆಯಲ್ಲಿ ತುಟಿ ಅರಳುವುದು ಬೇರೆ, ಇದು ನಿಮಗೆಂದೇ ಬಂದ ನಗು. ಅದೇ ಸುಮಾರಿಗೆ ‘ಊ’, ‘ಆ’ ಅಂತ ದನಿಯೂ ಶುರುವಾಗುತ್ತದೆ.

ಇಲ್ಲಿ ಹೆಚ್ಚಿನ ದೊಡ್ಡವರು ಕಾಯುವುದನ್ನೇ ಮರೆತುಬಿಡುತ್ತಾರೆ. ಒಂದು ಮಾತು ಹೇಳಿ, ನಿಲ್ಲಿಸಿ. ಉತ್ತರ ಹೊಂದಿಸಿಕೊಳ್ಳಲು ಮಗುವಿಗೆ ನಮಗಿಂತ ಜಾಸ್ತಿ ಹೊತ್ತು ಬೇಕು. ಕಾಲು ಆಡಿಸಿತೋ, ಬಾಯಿ ತೆರೆಯಿತೋ, ದನಿ ಮಾಡಿತೋ, ಅದೇ ಅದರ ಸರದಿ. ‘ಹೌದಾ ಚಿನ್ನಾ? ಆಮೇಲೆ?’ ಅಂತ ನೀವು ಮುಂದುವರಿಸಿ. ಒಬ್ಬರು ಹೇಳುವಾಗ ಇನ್ನೊಬ್ಬರು ಕೇಳಬೇಕು ಎಂಬುದನ್ನು ಮಗು ಪದಗಳಿಗಿಂತ ಎಷ್ಟೋ ಮೊದಲೇ ಕಲಿಯುವುದು ಹೀಗೆ.

ಈ ಉತ್ತರಕ್ಕೆ ಎಷ್ಟು ಬೆಲೆ ಇದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರೋನಿಕ್ 1970ರ ದಶಕದಲ್ಲಿ ಒಂದು ಸರಳ ಪ್ರಯೋಗದಲ್ಲಿ ತೋರಿಸಿದರು. ತಾಯಿ ಮೊದಲು ಮಗುವಿನ ಜೊತೆ ಆಡುತ್ತಾಳೆ. ನಂತರ ಸ್ವಲ್ಪ ಹೊತ್ತು ಯಾವ ಭಾವವನ್ನೂ ತೋರಿಸದೆ ಅದನ್ನೇ ನೋಡುತ್ತಾ ಕೂರುತ್ತಾಳೆ. ಮಗು ನಗುತ್ತದೆ, ಕೈ ಚಾಚುತ್ತದೆ, ಕೂಗಿ ಕರೆಯುತ್ತದೆ. ಏನು ಮಾಡಿದರೂ ಅಮ್ಮನ ಮುಖ ಬದಲಾಗದಿದ್ದಾಗ ಕಳೆಗುಂದಿ ಮುಖ ತಿರುಗಿಸುತ್ತದೆ, ಕೆಲವು ಮಕ್ಕಳು ಅತ್ತೇಬಿಡುತ್ತವೆ. ಫೋನಿನಲ್ಲಿ ಮುಳುಗಿದಾಗ ನಮ್ಮ ಮುಖವೂ ಸುಮಾರು ಹಾಗೇ ಇರುತ್ತದೆ ಅಲ್ವಾ? ಹಾಗಂತ ಹೆದರಬೇಕಿಲ್ಲ. ಒಲೆ ಮೇಲೆ ಹಾಲಿದ್ದಾಗ, ನಿಮಗೇ ಸುಸ್ತಾದಾಗ ಮಗುವಿನ ಕರೆ ತಪ್ಪಿಹೋಗುವುದು ಸಹಜ. ಆಮೇಲೆ ಬಂದು ಮಾತಾಡಿಸಿದರೆ ಮಗು ಮತ್ತೆ ಸೇರಿಕೊಳ್ಳುತ್ತದೆ. ಬೇಸರವಾದರೂ ಮತ್ತೆ ಸರಿಹೋಗುತ್ತದೆ ಎಂಬ ಧೈರ್ಯ ಅದಕ್ಕೆ ಬರುವುದು ಹಾಗೆಯೇ.

ಆಡುತ್ತಾ ಆಡುತ್ತಾ ಮಗು ಮುಖ ಆಚೆ ತಿರುಗಿಸಿದರೆ, ಆಕಳಿಸಿದರೆ ‘ಸದ್ಯಕ್ಕೆ ಸಾಕು’ ಅಂತ ಅರ್ಥ. ಅದು ತಿರುಗಿದ ಕಡೆಗೆಲ್ಲ ಹೋಗಿ ಗಿಲಕಿ ಆಡಿಸಬೇಡಿ. ತಾನಾಗಿ ತಿರುಗಿ ನೋಡುವವರೆಗೆ ಬಿಡಿ.

3. ಮಗು ನೋಡುತ್ತಿರುವುದರ ಬಗ್ಗೆ ಹೇಳಿ

ಆರು ತಿಂಗಳ ಹೊತ್ತಿಗೆ ‘ಬಬಬ’, ‘ದದದ’ ಶುರು. ಮಗು ಕಿಟಕಿ ನೋಡುತ್ತಿದ್ದರೆ ಕಿಟಕಿಯ ಬಗ್ಗೆ ಹೇಳಿ. ಅದರ ಕಣ್ಣು ಒಂದು ಕಡೆ, ನಿಮ್ಮ ಮಾತು ಇನ್ನೊಂದು ಕಡೆ ಇದ್ದರೆ ಪದಕ್ಕೂ ವಸ್ತುವಿಗೂ ನಂಟು ಬೆಳೆಯುವುದು ಕಷ್ಟ.

ಈ ತಿಂಗಳುಗಳಲ್ಲಿ ಕಿವಿ ಮಾಡುವ ಕೆಲಸ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಮನಶ್ಶಾಸ್ತ್ರಜ್ಞರಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಕೆನಡಾದಲ್ಲಿ ಇಂಗ್ಲಿಷ್ ಕೇಳಿ ಬೆಳೆಯುತ್ತಿದ್ದ ಮಕ್ಕಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಿದರು. ಆರರಿಂದ ಎಂಟು ತಿಂಗಳ ಹೆಚ್ಚಿನ ಮಕ್ಕಳು ಎರಡರ ವ್ಯತ್ಯಾಸ ಹಿಡಿದರು. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವರಿಗೆ ಅದು ಆಗಲಿಲ್ಲ. 1984ರಲ್ಲಿ ಪ್ರಕಟವಾದ ಅಧ್ಯಯನ ಇದು. ಸುತ್ತ ಕೇಳುವ ಭಾಷೆಗೆ ಕಿವಿ ಪಳಗುತ್ತಾ ಹೋಗುತ್ತದೆ, ಬೇಡದ ದನಿಗಳನ್ನು ಬಿಡುತ್ತಾ ಹೋಗುತ್ತದೆ.

ಹಾಗಾದರೆ ಟಿವಿ ಹಾಕಿ ಕೂರಿಸಿದರೆ ಆಗುವುದಿಲ್ಲವೇ? ಇಲ್ಲ. ಸಂಶೋಧಕಿ ಪೆಟ್ರೀಷಿಯಾ ಕೂಲ್ ಅವರ ತಂಡ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕದ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿತು. ಎದುರಿಗೆ ಕೂತು ಆಡಿಸಿದವರಿಂದ ಮಕ್ಕಳು ಆ ದನಿಗಳನ್ನು ಕಲಿತರು. ಅದನ್ನೇ ಪರದೆಯ ಮೇಲೆ ತೋರಿಸಿದಾಗ ಕಲಿಯಲಿಲ್ಲ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

4. ಬಚ್ಚಿಡುವ ಆಟ ಆಡಿ, ಹೇಳಿ ಹೋಗಿ

ಗಿಲಕಿಯನ್ನು ಬಟ್ಟೆಯಿಂದ ಮುಚ್ಚಿ. ಐದು ತಿಂಗಳ ಮಗು ಸಾಮಾನ್ಯವಾಗಿ ಅದನ್ನು ಬಿಟ್ಟು ಬೇರೆಡೆ ನೋಡುತ್ತದೆ. ಎಂಟು ಒಂಬತ್ತು ತಿಂಗಳ ಮಗು ಬಟ್ಟೆ ಎಳೆದು ಹುಡುಕುತ್ತದೆ. ಕಣ್ಣಿಗೆ ಕಾಣದಿದ್ದರೂ ವಸ್ತು ಅಲ್ಲೇ ಇದೆ ಎಂಬ ಈ ತಿಳಿವಳಿಕೆಯನ್ನು ಮೊದಲು ವಿವರವಾಗಿ ಗಮನಿಸಿ ಬರೆದವರು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ. ಮುಖ ಮುಚ್ಚಿ ‘ಬೂ’ ಅಂತ ತೆಗೆಯುವ ಆಟಕ್ಕೆ ಮಗು ಕೇಕೆ ಹಾಕುವುದರಲ್ಲೂ ಇದರ ಪಾಲಿದೆ.

ಇದೇ ಬುದ್ಧಿ ಒಂದು ಸಂಕಟವನ್ನೂ ತರುತ್ತದೆ. ಅಮ್ಮ ಕಾಣದಿದ್ದರೂ ಎಲ್ಲೋ ಇದ್ದಾಳೆ ಅಂತ ಈಗ ಗೊತ್ತು, ಯಾವಾಗ ಬರುತ್ತಾಳೆ ಅಂತ ಗೊತ್ತಿಲ್ಲ. ಅದಕ್ಕೇ ನೀವು ಬಾಗಿಲ ಕಡೆ ಹೆಜ್ಜೆ ಇಟ್ಟರೆ ಅಳು. ಹೊಸಬರನ್ನು ಕಂಡರೆ ಹೆಗಲಿಗೆ ಮುಖ ಒತ್ತಿಕೊಳ್ಳುತ್ತದೆ. ಮಗು ಕೆಟ್ಟಿತು, ಅಂಜುಬುರುಕ ಆಯಿತು ಅಂತ ಬೈಯಬೇಡಿ. ಕಣ್ಣು ತಪ್ಪಿಸಿ ಹೋಗುವ ಬದಲು ಮುತ್ತು ಕೊಟ್ಟು, ‘ಹೋಗಿ ಬರ್ತೀನಿ’ ಅಂತ ಹೇಳಿ, ಹೊರಡಿ. ಆ ಹೊತ್ತಿಗೆ ಅತ್ತರೂ ಸರಿ. ಬಂದ ಕೂಡಲೇ ಎತ್ತಿಕೊಳ್ಳಿ.

5. ನಿಮ್ಮ ಮುಖ ಓದಲು ಬಿಡಿ

ವರ್ಷ ತುಂಬುವ ಮಗು ಅನುಮಾನ ಬಂದಾಗ ನಿಮ್ಮ ಮುಖ ನೋಡುತ್ತದೆ. 1985ರ ಒಂದು ಪ್ರಯೋಗದಲ್ಲಿ ಗಟ್ಟಿ ಗಾಜಿನ ಹಲಗೆಯ ಕೆಳಗೆ ತಗ್ಗು ಇರುವಂತೆ ಕಾಣಿಸಿದ್ದರು. ಆಚೆ ಬದಿಯಲ್ಲಿ ನಿಂತ ತಾಯಿ ನಗುಮುಖ ಮಾಡಿದಾಗ ಹೆಚ್ಚಿನ ಮಕ್ಕಳು ಅಂಬೆಗಾಲಿಟ್ಟು ದಾಟಿದವು. ಹೆದರಿದ ಮುಖ ಮಾಡಿದಾಗ ಒಂದೂ ದಾಟಲಿಲ್ಲ. ಹಾಗಾಗಿ ಮಗು ಮೆತ್ತಗೆ ಬಿದ್ದಾಗ ನೀವು ಚೀರಬೇಡಿ. ಬೆರಳು ತೋರಿಸಲು ಶುರುಮಾಡಿದರೆ ಆ ಕಡೆ ನೋಡಿ, ಏನು ಕಂಡಿತು ಅಂತ ಕೇಳಿ.

ಡಾಕ್ಟರಿಗೆ ತೋರಿಸುವುದು ಯಾವಾಗ?

ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ದೊಡ್ಡ ಸದ್ದಿಗೂ ಬೆಚ್ಚದಿದ್ದರೆ, ಒಂಬತ್ತು ತಿಂಗಳಾದರೂ ಹೆಸರು ಕರೆದಾಗ ತಿರುಗದಿದ್ದರೆ ಅಥವಾ ತೊದಲದಿದ್ದರೆ, ವರ್ಷವಾದರೂ ಯಾವ ಸನ್ನೆಯೂ ಇಲ್ಲದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಕಿವಿ ಪರೀಕ್ಷೆ ಮಾಡಿಸಿ. ಬಂದಿದ್ದ ನಗು, ದನಿ, ಸನ್ನೆ ಹೊರಟುಹೋದರೆ ತಡಮಾಡಬೇಡಿ. ತಾಯಿಗೆ ಎರಡು ವಾರ ದಾಟಿದರೂ ದುಃಖ, ಮಗುವಿನ ಮೇಲೆ ಮನಸ್ಸೇ ಇಲ್ಲದಿರುವುದು ಮುಂದುವರಿದರೆ ಅವಳನ್ನೂ ಕರೆದುಕೊಂಡು ಹೋಗಿ. ಅದು ಅವಳ ತಪ್ಪಲ್ಲ, ಅದಕ್ಕೆ ಚಿಕಿತ್ಸೆ ಇದೆ.