ವೃತ್ತಿಪರ ಆಟಗಾರರ ಮೌಸ್ ಸೆಟ್ಟಿಂಗ್: ಅಂಕಿ ತುಂಬುವ ಮುನ್ನ ಅಳತೆ ಟೇಪ್ ಹಿಡಿಯಿರಿ

ಹಾಸನದ ಬಿ.ಎಂ. ರಸ್ತೆಯ ಗೇಮಿಂಗ್ ಕೆಫೆಯೊಂದರಲ್ಲಿ ಸಂಜೆ ಕುಳಿತರೆ ಒಂದೇ ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಕಾಲೇಜು ಮುಗಿಸಿ ಬಂದ ಹುಡುಗ ಹೆಸರಾಂತ ಆಟಗಾರನ ಮೌಸ್ ಸೆಟ್ಟಿಂಗಿನ ಅಂಕಿಗಳನ್ನು ಮೊಬೈಲ್ ನೋಡಿಕೊಂಡು ಕೌಂಟರ್-ಸ್ಟ್ರೈಕ್ 2 ಎಂಬ ಶೂಟಿಂಗ್ ಆಟದಲ್ಲಿ ತುಂಬುತ್ತಾನೆ. ಎರಡು ಪಂದ್ಯ ಸೋಲುತ್ತಾನೆ. ಮೂರನೆಯದಕ್ಕೆ ಇನ್ನೊಬ್ಬನ ಅಂಕಿಗಳನ್ನು ಹುಡುಕುತ್ತಾನೆ. ಆ ಅಂಕಿಗಳನ್ನು ತನ್ನ ಮೌಸಿಗೆ ಹೊಂದಿಸಿಕೊಳ್ಳುವ ಲೆಕ್ಕವನ್ನು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಅದಕ್ಕಾಗಿಯೇ ಈ ಬರಹ.

ಮೊದಲು ಪರದೆಯನ್ನು ಸರಿಪಡಿಸಿಕೊಳ್ಳಿ. 144 ಹರ್ಟ್ಸ್ (ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸುವ) ಮಾನಿಟರ್ ಕೊಂಡು, ವಿಂಡೋಸ್ ಅದನ್ನು 60ರಲ್ಲೇ ಓಡಿಸುತ್ತಿರುವುದು ತಿಳಿಯದೆ ಆಡುವವರು ಬಹಳ ಮಂದಿ ಇದ್ದಾರೆ. 60ರಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡು ನಿಲ್ಲುತ್ತದೆ, 144ರಲ್ಲಿ 6.9 ಮಾತ್ರ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂಬ ದಾರಿಯಲ್ಲಿ ಹೋಗಿ ದೊಡ್ಡ ಅಂಕಿಯನ್ನು ಆರಿಸಿ. ಕೇಬಲ್ ಮದರ್‌ಬೋರ್ಡಿಗಲ್ಲದೆ ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿದೆಯೇ ಎಂದು ನೋಡಿಕೊಳ್ಳಿ.

ವಿಂಡೋಸ್‌ನ ಮೌಸ್ ಸೆಟ್ಟಿಂಗಿನಲ್ಲಿ, ಕೈಯ ವೇಗಕ್ಕೆ ತಕ್ಕಂತೆ ಪಾಯಿಂಟರಿನ ಓಟವನ್ನು ಬದಲಿಸುವ ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್’ ಎಂಬುದರ ಗುರುತನ್ನು ತೆಗೆದುಹಾಕಿ.

ಇನ್ನು ಎಲ್ಲರೂ ಎಡವುವ ಜಾಗ. ಕೌಂಟರ್-ಸ್ಟ್ರೈಕ್ ಸುದ್ದಿಯ ಎಚ್‌ಎಲ್‌ಟಿವಿ ತಾಣ 2018, 2021 ಮತ್ತು 2022ರಲ್ಲಿ ವಿಶ್ವದ ಅಗ್ರ ಆಟಗಾರನೆಂದು ಹೆಸರಿಸಿದ, ‘ಸಿಂಪಲ್’ ಎಂದೇ ಪರಿಚಿತರಾದ ಉಕ್ರೇನಿನ ಒಲೆಕ್ಸಾಂಡರ್ ಕೊಸ್ಟಿಲೀವ್ ಬಹುಕಾಲ ಬಳಸಿದ್ದು 400 ಡಿಪಿಐ (ಒಂದು ಅಂಗುಲ ಸರಿದಾಗ ಮೌಸ್ ಕಳಿಸುವ ಎಣಿಕೆಗಳು) ಮತ್ತು 3.09 ಸೆನ್ಸಿಟಿವಿಟಿ (ಆ ಎಣಿಕೆಗೆ ಆಟದ ದೃಷ್ಟಿ ಎಷ್ಟು ತಿರುಗಬೇಕೆಂದು ಆಟದಲ್ಲಿ ತುಂಬುವ ಅಂಕಿ). ಇವೆರಡರ ಗುಣಲಬ್ಧ 1236. ನಿಮಗೆ ಬೇಕಾದದ್ದು ಈ ಗುಣಲಬ್ಧವೇ. ನಿಮ್ಮ ಮೌಸ್ 1600 ಡಿಪಿಐನಲ್ಲಿದ್ದು ನೀವು 3.09 ಅನ್ನೇ ತುಂಬಿದರೆ ದೃಷ್ಟಿ ನಾಲ್ಕು ಪಟ್ಟು ವೇಗವಾಗಿ ತಿರುಗುತ್ತದೆ. 1236 ಅನ್ನು 1600ರಿಂದ ಭಾಗಿಸಿ 0.77 ಎಂದು ತುಂಬಬೇಕು. ವ್ಯಾಲರಂಟ್ ಎಂಬ ಇನ್ನೊಂದು ಶೂಟಿಂಗ್ ಆಟ ಆಡುವವರು ಕೌಂಟರ್-ಸ್ಟ್ರೈಕ್‌ನ ಅಂಕಿಯನ್ನು 3.18ರಿಂದ ಭಾಗಿಸಬೇಕು, ಏಕೆಂದರೆ ಸೆನ್ಸಿಟಿವಿಟಿ 1 ಇದ್ದಾಗ ಮೌಸಿನ ಒಂದು ಎಣಿಕೆಗೆ ವ್ಯಾಲರಂಟ್‌ನಲ್ಲಿ ದೃಷ್ಟಿ 0.07 ಡಿಗ್ರಿ ತಿರುಗುತ್ತದೆ, ಕೌಂಟರ್-ಸ್ಟ್ರೈಕ್‌ನಲ್ಲಿ 0.022 ಡಿಗ್ರಿ.

ಲೆಕ್ಕ ಮುಗಿದ ಮೇಲೂ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಅಗ್ಗದ ಮೌಸುಗಳ ಡಬ್ಬಿಯ ಮೇಲಿನ ಡಿಪಿಐ ನಂಬುವಂತಿರುವುದಿಲ್ಲ. ಆದ್ದರಿಂದ ಅಳೆಯಲೇಬೇಕು. 1236ಕ್ಕೆ ಒಂದು ಪೂರ್ಣ ಸುತ್ತು ತಿರುಗಲು ಮೌಸ್ 33.6 ಸೆಂಟಿಮೀಟರ್ ಸರಿಯಬೇಕು. ಶಾಲೆಯ 30 ಸೆಂಟಿಮೀಟರ್ ಸ್ಕೇಲ್ ಸಾಲದು; ದರ್ಜಿಯ ಟೇಪನ್ನು ಮೇಜಿಗೆ ಅಂಟಿಸಿ. ಅದರ ಪಕ್ಕದಲ್ಲಿ ಉದ್ದನೆಯ ನೇರ ಹಲಗೆಯೊಂದನ್ನಿಟ್ಟು, ಮೌಸನ್ನು ಹಲಗೆಯ ಅಂಚಿಗೆ ತಾಗಿಸಿಕೊಂಡೇ ಸರಿಸಿ. ಮಣಿಕಟ್ಟು ಕೊಂಚ ಹೊರಳಿದರೂ ಅಳತೆ ಕೆಡುತ್ತದೆ. ಒಬ್ಬರೇ ಇರುವ ಅಭ್ಯಾಸದ ಮ್ಯಾಪಿನಲ್ಲಿ ಕ್ರಾಸ್‌ಹೇರನ್ನು (ಪರದೆಯ ನಡುವಿನ ಗುರಿಚಿಹ್ನೆ) ಗೋಡೆಯ ಮೂಲೆಯ ಗೆರೆಯ ಮೇಲೆ ಕೂರಿಸಿ, ಮೌಸಿನ ಎಡ ಅಂಚನ್ನು ಸೊನ್ನೆಗೆ ತಂದು, ಅದೇ ಗೆರೆ ಮತ್ತೆ ಕ್ರಾಸ್‌ಹೇರಿನಡಿ ಬರುವವರೆಗೆ ನಿಧಾನವಾಗಿ ಬಲಕ್ಕೆ ಜಾರಿಸಿ. ಮೂರು ಬಾರಿ ಅಳೆದು ಸರಾಸರಿ ತೆಗೆದುಕೊಳ್ಳಿ. ನಾನು ತರಿಸಿದ್ದ ಅಗ್ಗದ ಮೌಸೊಂದು ‘400’ರಲ್ಲಿ 28 ಸೆಂಟಿಮೀಟರಿಗೇ ಸುತ್ತು ಮುಗಿಸಿತ್ತು. ಆಗ 3.09 ಅನ್ನು 28ರಿಂದ ಗುಣಿಸಿ 33.6ರಿಂದ ಭಾಗಿಸಿದೆ; 2.58 ಬಂತು. ಅದನ್ನು ತುಂಬಿದ ಮೇಲೆ ಟೇಪೂ ಆಟವೂ ಒಪ್ಪಿದವು.

ಡಬ್ಬಿಯ ಮೇಲಿನ ದೊಡ್ಡ ಡಿಪಿಐ ಅಂಕಿ ನೋಡಿ ಮೌಸ್ ಕೊಳ್ಳಬೇಡಿ. ಆ ಹಣದಲ್ಲಿ 45 ಸೆಂಟಿಮೀಟರ್ ಅಗಲದ ಬಟ್ಟೆಯ ಪ್ಯಾಡ್ ಕೊಳ್ಳಿ. ಅಂಗೈಯಗಲದ ಪ್ಯಾಡಿನ ಮೇಲೆ ಈ ವೇಗದಲ್ಲಿ ಆಡಲಾಗದು. ಚಿಕ್ಕಮಗಳೂರಿನ ಕಡೆಯವರಿಗೆ ಇನ್ನೊಂದು ಮಾತು: ಆಷಾಢದ ಮಳೆಯಲ್ಲಿ ಬಟ್ಟೆಯ ಪ್ಯಾಡ್ ತೇವ ಹೀರಿ ಮೌಸನ್ನು ಹಿಡಿದಂತಾಗುತ್ತದೆ. ಆಗ ಸೆನ್ಸಿಟಿವಿಟಿ ಮುಟ್ಟದೆ ಪ್ಯಾಡನ್ನು ಒಣಗಿಸಿ.

ಹಲವು ವೃತ್ತಿಪರರು 1280×960ರ 4:3 ಚಿತ್ರವನ್ನು ಅಗಲ ಪರದೆಗೆ ಎಳೆದು ಆಡುತ್ತಾರೆ. ಕೌಂಟರ್-ಸ್ಟ್ರೈಕ್‌ನಲ್ಲಿ ಇದರಿಂದ ಎದುರಾಳಿ ಮೂರನೇ ಒಂದು ಭಾಗದಷ್ಟು ಹೆಚ್ಚು ಅಗಲವಾಗಿ ಕಾಣುತ್ತಾನಾದರೂ, ಅಡ್ಡ ನೋಟ ಸುಮಾರು 106 ಡಿಗ್ರಿಯಿಂದ 90ಕ್ಕೆ ಇಳಿಯುವುದರಿಂದ ಪಕ್ಕದಲ್ಲಿ ನಿಂತವನು ಕಾಣದೇ ಹೋಗಬಹುದು. ಹೊಸಬರು ಇದನ್ನು ಮುಟ್ಟಲೇಬಾರದು. ಮಾಡಲೇಬೇಕೆಂದವರು ಗ್ರಾಫಿಕ್ಸ್ ಕಾರ್ಡಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸ್ಕೇಲಿಂಗ್ ಅನ್ನು ‘ಫುಲ್‌ಸ್ಕ್ರೀನ್’ಗೆ ಬದಲಿಸಿ; ಇಲ್ಲವಾದರೆ ಎರಡು ಬದಿಗೆ ಕಪ್ಪು ಪಟ್ಟಿ ಉಳಿಯಬಹುದು.

ಬಣ್ಣ ಗಾಢವಾಗಿಸಲು, ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿನ ಡಿಜಿಟಲ್ ವೈಬ್ರೆನ್ಸ್ ಅನ್ನು 50ರಿಂದ 70ಕ್ಕೆ ಏರಿಸಿದರೆ ಸಾಕು.

ಇಷ್ಟಾದ ಮೇಲೆ ಎರಡು ವಾರ ಏನನ್ನೂ ಬದಲಿಸಬೇಡಿ. ಆ ಬಳಿಕವೂ ಗುರಿಯನ್ನು ದಾಟಿ ಹೋಗುತ್ತಿದ್ದರೆ ಸೆನ್ಸಿಟಿವಿಟಿಯನ್ನು ನೂರಕ್ಕೆ ಹತ್ತರಷ್ಟು ಇಳಿಸಿ. ಗುರಿ ಮುಟ್ಟುವ ಮೊದಲೇ ನಿಲ್ಲುತ್ತಿದ್ದರೆ ಅಷ್ಟೇ ಏರಿಸಿ. ನಿಮಗೆ ಒಗ್ಗಿದ ಸೆಂಟಿಮೀಟರ್ ಲೆಕ್ಕವನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಕೆಫೆಯಲ್ಲಿ ಬೇರೆ ಮೌಸ್ ಸಿಕ್ಕಿದ ದಿನ ಅದನ್ನು ಆ ಅಳತೆಗೆ ಹೊಂದಿಸಿಕೊಂಡೇ ಪಂದ್ಯಕ್ಕೆ ಕೂರಿ.